ಪರದೆಯ ಮೇಲಿನ ಇಲಿಯಾಸ

ಬೆಟಗೇರಿಯ ನಮ್ಮ ಓಣಿಯಲ್ಲಿ ಕೀಲಿ ರಹಮಾನಸಾಬನನ್ನು ನಂಬದವರಿಲ್ಲ. ಅವನು ಮಾತ್ರ ಯಾರನ್ನೂ ನಂಬುವ ಪೈಕಿ ಅಲ್ಲ. ಮಸೀದಿಗೆ ಹೋದರೆ ಒಂದು ಚಪ್ಪಲಿಯನ್ನು ಬಾಗಿಲ ಈ ಕಡೆ, ಇನ್ನೊಂದನ್ನು ಆ ಕಡೆ ಬಿಡುತ್ತಾನೆ; ಕಳ್ಳನಿಗೆ ಜೋಡಿ ಸಿಗಬಾರದು. ಮನೆಗೆ ಕೀಲಿ ಹಾಕಿ ಹೊರಟರೆ ಒಮ್ಮೆ ಜಗ್ಗಿ ನೋಡುತ್ತಾನೆ, ಓಣಿಯ ಮೂಲೆಯವರೆಗೆ ಹೋಗಿ ತಿರುಗಿ ಬಂದು ಮತ್ತೆ ಜಗ್ಗುತ್ತಾನೆ. ಒಂದು ಸಲ ಹೆಂಡತಿ ಸುಗ್ರಾಬಿ ಒಳಗಿರುವಾಗಲೇ ಹೀಗೆ ಕೀಲಿ ಹಾಕಿ, ಜಗ್ಗಿ ನೋಡಿ, ಸಮಾಧಾನದಿಂದ ಹೋಗಿಬಿಟ್ಟಿದ್ದ. ಆಕೆಯ ಬೈಗುಳ ಇಡೀ ಓಣಿಗೆ ಕೇಳಿತು.

ಗದಗಿನ ಟಾಂಗಾ ಕೂಟದ ಹತ್ತಿರ ಬೇವಿನ ಗಿಡದ ಕೆಳಗೆ ಅವನ ಅಂಗಡಿ. ಅಂಗಡಿ ಎಂದರೆ ಒಂದು ಹಳೆಯ ಛತ್ರಿ, ತಂತಿಗೆ ಪೋಣಿಸಿದ ಕೀಲಿಕೈಗಳ ಗೊಂಚಲು, ಒಂದು ಅರ, ಒಂದು ಸುತ್ತಿಗೆ. ಆ ಕಸುಬಿಗೆ ಅವನೇ ಮಾಡಿಕೊಂಡ ಕಾನೂನಿದೆ. ಹೊಸ ಕೀಲಿಕೈ ಬೇಕಾದವನು ಅದು ತೆಗೆಯುವ ಕೀಲಿಯನ್ನೇ ತರಬೇಕು, ಅದರ ಯಜಮಾನ ಖುದ್ದು ಬಂದು ಎದುರಿಗೆ ನಿಲ್ಲಬೇಕು. ಯಾರದಾದರೂ ಮನೆಯ ಬಾಗಿಲು ತೆಗೆಯುವುದಿದ್ದರೆ ಸಾಕ್ಷಿಗೆ ಆ ಓಣಿಯವರು ಇರಬೇಕು. ಒಬ್ಬ ಮಹಾಶಯ ಸಬಕಾರದ ಮೇಲೆ ಕೀಲಿಕೈಯ ಅಚ್ಚು ಒತ್ತಿಕೊಂಡು ಬಂದಿದ್ದ. ರಹಮಾನಸಾಬ ಆ ಸಬಕಾರದಿಂದಲೇ ಕೈ ತೊಳೆದು, "ಛಲೋ ನೊರಿ ಬರತೈತಿ, ತಗೋ" ಎಂದು ತಿರುಗಿ ಕೊಟ್ಟು ಕಳಿಸಿದ. ನಾನು ಅಲ್ಲೇ ನಿಂತು ನೋಡಿದ್ದೇನೆ.

ನಾನು ಗವಿಸಿದ್ದಪ್ಪ, ಅವನ ಪಕ್ಕದ ಮನೆಯವನು. ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ಸು ನನ್ನದು. ನನ್ನ ಬಾಯಿ ಸ್ವಲ್ಪ ಖಾರ ಎಂದು ಜನ ಹೇಳುತ್ತಾರೆ. ರಹಮಾನಸಾಬನಂಥವನ ಪಕ್ಕದಲ್ಲಿ ಇಷ್ಟು ವರ್ಷ ಬಾಳಿ ನೋಡಲಿ, ಅವರ ಬಾಯಿಯೂ ಸಿಹಿ ಉಳಿಯುವುದಿಲ್ಲ.

ಅವನ ಮಗ ಆಸೀಮನ ಮದುವೆ ಮುಂಡರಗಿಯ ಹುಡುಗಿಯ ಜೊತೆ ಆಯಿತು. ಹುಡುಗಿ ಫರ್ಹಾನಾ. ತಂದೆ ಮುಸ್ತಾಕ ಅರಳೆ ಹಿಂಜಿ ಗಾದಿ ಹೊಲಿಯುವವನು, ಬಡವ, ಮಾನಸ್ಥ. ಮದುವೆಯ ಸಾಮಾನು ಜೋಡಿಸಿಟ್ಟಿದ್ದರು. ನಮ್ಮ ಮಹಾರಾಯ ಸುಮ್ಮನಿರಬೇಕಲ್ಲ! ಎಲ್ಲರೂ ಗಾದಿ ಎಷ್ಟು ಮೆತ್ತಗಿದೆ ಎಂದು ಒತ್ತಿ ನೋಡುತ್ತಿದ್ದರೆ ಇವನು ಹೋಗಿ ಕಪಾಟಿನ ಕೀಲಿ ನೋಡಿದ. ಯಾರದೋ ತಲೆಯ ಪಿನ್ನು ಇಸಿದುಕೊಂಡು ತಿರುವಿದ. ಕಪಾಟು ತೆರೆದುಕೊಂಡಿತು. "ಇದು ಕೀಲಿ ಅಲ್ಲ, ಅಂಗಿ ಗುಂಡಿ" ಎಂದ. ನೆರೆದ ಜನ ನಕ್ಕರು. ಅವನಿಗದು ಕಸುಬಿನ ಮಾತು. ಬೀಗರ ಮುಖ ಮಾತ್ರ ಹಿಡಿಯಷ್ಟಾಯಿತು. ಯಾರೂ ಕೇಳದೆಯೇ ಮುಸ್ತಾಕ ಆ ಗಳಿಗೆಯಲ್ಲಿ ಎದ್ದು ನಿಂತು, "ಮಗಳು ಕಂಪ್ಯೂಟರ್ ಕಲತಾಳ. ಹೊಸಾ ಕಂಪ್ಯೂಟರ್ ಕೊಟ್ಟು ಕಳಸ್ತೀನಿ" ಎಂದುಬಿಟ್ಟ. ಹೇಳಿದ ಹಾಗೆ ಮದುವೆಯಾದ ಸ್ವಲ್ಪ ದಿನಕ್ಕೆ ದೊಡ್ಡ ಡಬ್ಬಿಯಲ್ಲಿ ಕಂಪ್ಯೂಟರು ಬಂತು. ಸುಗ್ರಾಬಿ ಓಣಿಯವರನ್ನೆಲ್ಲ ಕರೆದು ತೋರಿಸಿದಳು.

ಫರ್ಹಾನಾ ಒಳ್ಳೆಯ ಹುಡುಗಿ, ಕೈಯಲ್ಲಿ ಕಲೆಯಿದೆ. ಮನೆಯಲ್ಲೇ ಕೂತು ನನ್ನ ಪ್ರೆಸ್ಸಿಗೆ ಲಗ್ನಪತ್ರಿಕೆಗಳನ್ನು ಜೋಡಿಸಿ ಕೊಡತೊಡಗಿದಳು. ಅಡರಕಟ್ಟಿಯ ಗೌಡರ ಮನೆಯದೇ ಇರಲಿ, ಲಕ್ಷ್ಮೇಶ್ವರದ ಸಾಹುಕಾರರದೇ ಇರಲಿ, ಆಕೆ ಜೋಡಿಸಿದ ಪತ್ರಿಕೆ ನೋಡಿದವರು ಮತ್ತೆ ನನ್ನಲ್ಲಿಗೇ ಬರುತ್ತಿದ್ದರು. ಎರಡು ವರ್ಷ ಹೀಗೇ ಚೆನ್ನಾಗಿ ನಡೆಯಿತು.

ಈ ಸಲ ಮದುವೆ ಹಂಗಾಮಿನ ಮೊದಲು ನಾನು ಪ್ರೆಸ್ಸಿನಲ್ಲಿ ಹೊಸ ಸಾಫ್ಟ್‌ವೇರ್ ಹಾಕಿಸಿದೆ. ಅದೇ ಆಕೆಯ ಕಂಪ್ಯೂಟರಿನಲ್ಲೂ ಇರಬೇಕು, ಇಲ್ಲದಿದ್ದರೆ ಆಕೆಯ ಕೆಲಸ ನನ್ನ ಮಶಿನ್ನಿಗೆ ಹೊಂದುವುದಿಲ್ಲ. ಒಂದು ಸಂಜೆ ಪೆನ್‌ಡ್ರೈವ್ ಹಿಡಿದುಕೊಂಡು ಅವರ ಮನೆಗೆ ಹೋದೆ. ಆಸೀಮ ಸಾಮಾನಿನ ಗಾಡಿ ಹೊಡೆದು ಆಗಷ್ಟೇ ಶಿರಹಟ್ಟಿಯಿಂದ ಬಂದಿದ್ದ. ಸುಗ್ರಾಬಿ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಫರ್ಹಾನಾ ಸಾಫ್ಟ್‌ವೇರ್ ಒತ್ತಿದ ಕೂಡಲೇ ಪರದೆ ಮಂಕಾಗಿ ನಡುವೆ ಒಂದು ಚೌಕ ಬಂತು. ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು, ಪಾಸ್‌ವರ್ಡ್ ಹಾಕಿ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಕೆಳಗೆ ಒಂದು ಹೆಸರು. ಹೆಂಡತಿಯ ಹೆಗಲ ಮೇಲಿಂದ ಆಸೀಮ ಅದನ್ನು ಓದಿದ.

"ಇಲಿಯಾಸ."

ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತು. "ಯಾಂವ ಅಂವಾ?" ಎಂದಳು ಸುಗ್ರಾಬಿ.

ನಾನು ತಿಳಿಸಿ ಹೇಳಲು ನೋಡಿದೆ. ಕಂಪ್ಯೂಟರಿಗೆ ಒಬ್ಬ ಯಜಮಾನ ಇರುತ್ತಾನೆ. ಉಳಿದವರೆಲ್ಲ ಬಾಡಿಗೆದಾರರ ಹಾಗೆ ಇರಬಹುದು, ಕೆಲಸ ಮಾಡಬಹುದು. ಹೊಸ ಸಾಮಾನು ಒಳಗೆ ತರಬೇಕಾದರೆ ಯಜಮಾನನ ಅಪ್ಪಣೆ ಬೇಕು. ಈ ಕಂಪ್ಯೂಟರಿನ ಯಜಮಾನನ ಹೆಸರು ಇಲಿಯಾಸ ಎಂದಿದೆ, ಅಷ್ಟೇ.

ಅಷ್ಟೇ ಎಂದು ನಾನು ಅಂದದ್ದು. ಸುಗ್ರಾಬಿಗೆ ಕೇಳಿದ್ದು ಬೇರೆ. ಸೊಸೆ ತವರಿನಿಂದ ತಂದ ಸಾಮಾನಿಗೆ ಯಾವನೋ ಇಲಿಯಾಸ ಯಜಮಾನ!

"ನಮ್ಮ ಮನ್ಯಾಗ ಇಲಿಯಾಸ ಅನ್ನಾಂವ ಇಲ್ಲ. ನಿಮ್ಮ ತವರಮನ್ಯಾಗ ಅದಾನೇನ?" ಎಂದು ಕೇಳಿದಳು.

"ಇಲ್ಲರಿ ಅತ್ತಿ."

"ಮತ್ತ ಯಾರು?"

"ನನಗ ಗೊತ್ತಿಲ್ಲರಿ" ಎಂದಳು ಫರ್ಹಾನಾ. ಆದರೆ ಆಕೆಯ ಮುಖ ಬಿಳಚಿಕೊಂಡಿತ್ತು. ಗೊತ್ತಿಲ್ಲದವರ ಮುಖ ಹಾಗಾಗುವುದಿಲ್ಲ. ಸುಳ್ಳೇಕೆ, ನನಗೂ ಅನುಮಾನ ಬಂತು.

ನಾನು ತಿಳಿದಷ್ಟು ಉಪಾಯ ಮಾಡಿದೆ. ಬಂದ್ ಮಾಡಿ ಚಾಲೂ ಮಾಡಿದೆ. ಮೌಸಿನ ಬಲಗಡೆಯ ಗುಂಡಿ ಒತ್ತಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆ ಎಂದೆ. ಮತ್ತೆ ಅದೇ ಚೌಕ, ಅದೇ ಇಲಿಯಾಸ. ಪಾಸ್‌ವರ್ಡಿನ ಜಾಗದಲ್ಲಿ ಏನೇನೋ ಹಾಕಿ ನೋಡಿದೆ, ತಪ್ಪು ತಪ್ಪು ಎಂದು ಅದು ನನ್ನನ್ನೇ ಬೈಯಿತು. ಕೊನೆಗೆ ಫರ್ಹಾನಾ ಮೆಲ್ಲಗೆ, "ಕಾಕಾ, ನನ್ನ ಡಿಸೈನೆಲ್ಲಾ ಪೆನ್‌ಡ್ರೈವ್‌ನಾಗ ತಗೊಂಡು ಪೂರಾ ಫಾರ್ಮ್ಯಾಟ್ ಮಾಡಿಬಿಡೂಣು. ಎಲ್ಲಾ ಅಳಿಸಿ ಹೊಸದಾಗಿ ಹಾಕಿದ್ರ ಆ ಹೆಸರೂ ಹೋಗತೈತಿ" ಎಂದಳು. ಉಪಾಯವೇನೋ ಸರಿಯಾಗಿಯೇ ಇತ್ತು, ಹೇಳಿದ ಹೊತ್ತು ಮಾತ್ರ ಸರಿಯಿರಲಿಲ್ಲ.

"ಅಳಸ್ತಾಳಂತ!" ಎಂದು ಸುಗ್ರಾಬಿ ಎದ್ದು ನಿಂತಳು. "ಯಾಂವ ಅನ್ನೂದು ಗೊತ್ತಾಗೂತನಾ ಯಾರೂ ಅದನ್ನ ಮುಟ್ಟಬ್ಯಾಡ್ರಿ. ಹೆಸರು ಅಳಿಸಿದ ಮ್ಯಾಲೆ ಖಬರ ಎಲ್ಲಿಂದ ಸಿಗಬೇಕು?"

ಆಸೀಮ ಕಂಪ್ಯೂಟರಿನ ತಂತಿಯನ್ನು ಕಿತ್ತು ಮಡಚಿ ಕಪಾಟಿನಲ್ಲಿಟ್ಟ. ರಹಮಾನಸಾಬ ಅಷ್ಟೂ ಹೊತ್ತು ಮೂಲೆಯ ಸ್ಟೂಲಿನ ಮೇಲೆ ಕೂತು ಸೊಸೆಯ ಕೈಗಳನ್ನೇ ನೋಡುತ್ತಿದ್ದ. ಕೀಲಿಕೈ ಮಾಡಿಸಲು ಬಂದವರ ಕೈಗಳನ್ನು ನೋಡುವುದು ಅವನ ಚಾಳಿ. ಸುಳ್ಳು ಮೊದಲು ಬೆರಳಿಗೆ ಬರುತ್ತದೆ ಎನ್ನುತ್ತಾನೆ. ಫರ್ಹಾನಾಳ ಬೆರಳುಗಳು ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿದ್ದವು.

ಅಲ್ಲಿಂದ ಆ ಮನೆಯಲ್ಲಿ ಪಿಸುಮಾತಿನ ಸಂಸಾರ ಶುರುವಾಯಿತು. ಫರ್ಹಾನಾಳ ಫೋನು ಗುಣುಗುಟ್ಟಿದರೆ ಸುಗ್ರಾಬಿಯ ಕಿವಿ ನೆಟ್ಟಗಾಗುತ್ತಿತ್ತು. ಸೊಸೆ ಬಟ್ಟೆ ಒಣಗಿಸಲು ಮಾಳಿಗೆಗೆ ಹೋದರೆ ಅತ್ತೆ ಮೆಟ್ಟಿಲ ಬುಡದಲ್ಲಿ. ಆಸೀಮ ತಾಯಿಯ ಕೈಯಿಂದ ಮಾತ್ರ ರೊಟ್ಟಿ ಬಡಿಸಿಕೊಳ್ಳತೊಡಗಿದ. ನನ್ನ ಹೆಂಡತಿ ಕರಿಯವ್ವ ಗೋಡೆಯ ಈಚೆಯಿಂದಲೇ ಎಲ್ಲ ಕೇಳಿಸಿಕೊಂಡು, "ಏನೂ ಇಲ್ಲದ ಹೆಸರು ಬರತೈತೇನ್ರಿ? ಬೆಂಕಿ ಇಲ್ಲದ ಹೊಗಿ ಎಲ್ಲರ ಐತೇನು?" ಎಂದಳು. ನೀನು ಸುಮ್ಮನಿರು ಎಂದು ನಾನು ಗದರಿದೆ. ಎರಡು ವರ್ಷದಿಂದ ನನ್ನ ಕೆಲಸ ಮಾಡಿದ ಹುಡುಗಿ. ಒಂದು ಮಾತು ಹೇಳಿದರೆ ಮುಗಿಯುವುದಕ್ಕೆ ಹೀಗೇಕೆ ಬಾಯಿ ಹೊಲಿದುಕೊಂಡಿದ್ದಾಳೆ ಎಂದು ನನಗೆ ಸಿಟ್ಟೂ ಬರುತ್ತಿತ್ತು.

ಕಡೆಗೆ ಆಸೀಮ ತೀರ್ಪು ಕೊಟ್ಟ. ಶುಕ್ರವಾರ ತವರಿಗೆ ಹೋಗು. ಇಲಿಯಾಸ ಯಾರೆಂದು ಹೇಳುವ ಮನಸ್ಸು ಬಂದ ಮೇಲೆ ಫೋನ್ ಮಾಡು, ಕರೆಯಲು ಬರಬೇಕೋ ಬೇಡವೋ ಆಗ ನೋಡೋಣ. ಫರ್ಹಾನಾ ಬಟ್ಟೆಯ ಚೀಲ ತುಂಬಿ ಬಾಗಿಲ ಪಕ್ಕದಲ್ಲಿಟ್ಟಳು. ಹಾಗೆ ಹೋದ ಹುಡುಗಿಯರು ತಿರುಗಿ ಬರುವುದು ಎಷ್ಟು ಕಷ್ಟ ಎಂದು ನಮಗೆಲ್ಲ ಗೊತ್ತಿತ್ತು. ಆಕೆಗೂ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ರಹಮಾನಸಾಬ ನನ್ನ ಬಾಗಿಲಿಗೆ ಬಂದ. "ಅಂಗಿ ಹಾಕ್ಕೋ. ಮುಂಡರಗಿಗೆ ಹೋಗೂದೈತಿ" ಎಂದ.

"ಬೀಗರ ಮನಿಗೇನು?"

"ಇಲಿಯಾಸನ ಮನಿಗೆ. ಕಂಪ್ಯೂಟರ್ ಮುಂಡರಗಿಂದ ಬಂದೈತಿ ಅಂದ್ರ ಹೆಸರೂ ಅಲ್ಲಿಂದ ಬಂದಿರಬೇಕು. ಇನ್ನೊಬ್ಬರ ಬಾಗ್ಲಾ ತೆಗ್ಯಾಕ ಹೊಂಟೀನಿ, ಸಾಕ್ಷಿಗೆ ನೀ ಬೇಕು."

ಮನೆಯಲ್ಲಿ ಹಿತ್ತಾಳೆ ತರಲು ಹೋಗುತ್ತೇನೆ ಎಂದು ಹೇಳಿದ್ದ. ಬಸ್ಸಿನಲ್ಲಿ ಅವನು ಡೋಣಿಯ ಕಡೆಯ ಗುಡ್ಡದ ಮೇಲಿನ ಗಾಳಿ ಪಂಕಗಳನ್ನು ನೋಡುತ್ತ ಕೂತಿದ್ದ. ಅವನು ಇಲಿಯಾಸನ ಕೊರಳಪಟ್ಟಿ ಹಿಡಿದು ಜಗಳ ತೆಗೆದರೆ ಬಿಡಿಸುವುದು ಹೇಗೆ ಎಂದು ನಾನು ಚಿಂತೆ ಮಾಡುತ್ತಿದ್ದೆ.

ಬಸ್ ನಿಲ್ದಾಣದ ಹತ್ತಿರ ಒಂದು ಝೆರಾಕ್ಸ್ ಅಂಗಡಿಯಲ್ಲಿ ವಿಚಾರಿಸಿದೆವು. ಕಂಪ್ಯೂಟರ್ ಇಟ್ಟುಕೊಂಡಿದ್ದ ಇಲಿಯಾಸ ಯಾರಾದರೂ ಇದ್ದಾನೆಯೇ?

"ಝೆರಾಕ್ಸ್ ಇಲಿಯಾಸನೇನ್ರಿ? ಈಗ ಅಂವ ಗಿರಮಿಟ್ ಇಲಿಯಾಸ. ಅಗೋ, ನೀಲಿ ಗಾಡಿ" ಎಂದು ಅಂಗಡಿಯವನು ಬೆರಳು ತೋರಿಸಿದ.

ನೀಲಿ ಕೈಗಾಡಿಯ ಹಿಂದೆ ಬೋಳು ತಲೆಯ, ಹೊಟ್ಟೆ ಬಂದ, ಐವತ್ತು ದಾಟಿದ ಮನುಷ್ಯ ಚುರುಮುರಿಗೆ ಉಳ್ಳಾಗಡ್ಡಿ ಕಲಸುತ್ತಿದ್ದ. ನಾವು ಇಷ್ಟು ದಿನ ಮನಸ್ಸಿನಲ್ಲಿ ಬರೆದುಕೊಂಡಿದ್ದ ಇಲಿಯಾಸ ಹೀಗಿರಲಿಲ್ಲ. ನನಗೆ ನಗು ಬಂತು. ರಹಮಾನಸಾಬ ನಗಲಿಲ್ಲ. ಎರಡು ಪ್ಲೇಟ್ ಗಿರಮಿಟ್ ಹೇಳಿ, ನೇರವಾಗಿ ಕೇಳಿದ.

"ನಿನ್ನ ಹೆಸರಿನ ಒಂದು ಕಂಪ್ಯೂಟರ್ ಐತಿ. ಅದರ ಪಾಸ್‌ವರ್ಡ್ ಬೇಕಾಗೇತಿ."

ಇಲಿಯಾಸ ಕಲಸುವುದನ್ನು ನಿಲ್ಲಿಸಿದ. ಅವನ ಕಣ್ಣು ಸಣ್ಣಗಾದವು. "ಓಟಿಪಿ ಕೇಳಾವ್ರು ಫೋನ್‌ನಾಗ ಕೇಳತಿದ್ರು. ಈಗ ಗಾಡಿ ಮುಂದ ಬಂದು ಕೇಳಾಕತ್ತಾರೇನು? ಮ್ಯಾಲಿಂದ ಇಬ್ಬಿಬ್ರು! ನೀವು ಯಾರು, ಆ ಕಂಪ್ಯೂಟರ್ ನಿಮ್ಮ ಕಡೆ ಹೆಂಗ ಬಂತು?"

"ನಮ್ಮ ಮನ್ಯಾಗ ಐತಿ."

"ಕದ್ದಾವ್ರೂ ಹಂಗ ಅಂತಾರ. ಅದರ ಮಾಲೀಕರು ಬಂದು ನಿಲ್ಲಲಿ, ಹೇಳತೀನಿ. ಇಲ್ಲಂದ್ರ ಅದು ನಿಮ್ಮ ಮನ್ಯಾಗ ಐತಿ ಅನ್ನಾಕ ಒಂದು ಗುರುತು ಹೇಳ್ರಿ."

ರಹಮಾನಸಾಬ ಅವನನ್ನೇ ದಿಟ್ಟಿಸಿದ. ಇಡೀ ಜೀವಮಾನ ತಾನು ಹೇಳಿಕೊಂಡು ಬಂದ ಮಾತನ್ನು ಇನ್ನೊಬ್ಬನ ಬಾಯಿಂದ ಕೇಳಿದ್ದು ಅದೇ ಮೊದಲಿರಬೇಕು.

"ಕಂಪ್ಯೂಟರ್ ಹಿಂದಿನ ಸ್ಕ್ರೂನಾಗ ಒಂದು ಅದರದಲ್ಲ" ಎಂದ. "ಹೊಲಿಗಿ ಮಶಿನ್ನಿಂದು. ತಲಿ ಸವದೈತಿ. ಬಿಚ್ಚಿದಾಂವ ಎಡಗೈಯಾಂವ."

ಇಲಿಯಾಸ ಎಡಗೈಯಲ್ಲಿದ್ದ ಚಮಚ ನೋಡಿಕೊಂಡು ಗಟ್ಟಿಯಾಗಿ ನಕ್ಕ. "ಖರೆ ಐತ್ರಿ! ಒಂದು ಸ್ಕ್ರೂ ಕಳದಿತ್ತು, ಮನ್ಯಾಕಿ ಮಶಿನ್ನಿಂದು ತಗದು ನಾನ ಹಾಕಿದ್ದೆ." ಸಂಶಯ ಹೋದ ಮೇಲೆ ನಮ್ಮ ಪ್ಲೇಟು ತುಂಬಿ ಕೊಟ್ಟ, ಅವನ ಬಾಯಿ ಹಳ್ಳದ ನೀರಿನಂತೆ ಹರಿಯಿತು. ಝೆರಾಕ್ಸ್ ಅಂಗಡಿ ನಡೆಯಲಿಲ್ಲ, ಸಾಮಾನು ಮಾರಿದೆ. ಕಂಪ್ಯೂಟರನ್ನು ಗಾದಿ ಹೊಲಿಯುವ ಮುಸ್ತಾಕ ಚಾಚಾ ಮಗಳಿಗೆಂದು ಕೊಂಡರು. ಮಗಳ ಹೆಸರಿಗೆ ಒಂದು ಬೇರೆ ಖಾತೆ ಮಾಡಿಕೊಟ್ಟೆ, ನನ್ನದನ್ನು ತೆಗೆಯುವುದು ಮರೆತೇಹೋಯಿತು.

"ಪಾಪ, ಆ ಚಾಚಾ ಹೊಸಾ ಡಬ್ಬಿ ಎಲ್ಲಿಂದಲೋ ಹುಡಿಕ್ಯಾಡಿ ತಂದು ಅದರಾಗ ಇಟ್ಟು ಕಳಿಸಿದ್ರು" ಎಂದ. "ಹಳೇದು ಅನ್ನೂದು ಬೀಗರಿಗೆ ಗೊತ್ತಾದ್ರ ಮಗಳ ಮಾನ ಹೋಗತೈತಿ, ಸಾಯೂತನಾ ಯಾರ ಮುಂದೂ ಅನಬ್ಯಾಡ ಅಂತ ನನಗೂ ಮಗಳಿಗೂ ಆಣಿ ಹಾಕಿದ್ರು. ಆ ಬೀಗ ಅನ್ನಾಂವ ಭಾಳ ಕೆಟ್ಟವ ಅಂತ್ರಿ. ತುಂಬಿದ ಮಂದ್ಯಾಗ ಕಪಾಟಿನ ಕೀಲಿ ಪಿನ್ನಿನಿಂದ ತಗದು ನಗಿಪಾಟ್ಲಾ ಮಾಡಿದನಂತ. ಅದೇ ಹಟಕ್ಕ ಇವರು ಕಂಪ್ಯೂಟರ್ ಕೊಡ್ತೀನಿ ಅಂದುಬಿಟ್ರು. ಕೈಯಾಗ ಏನೂ ಇರಲಿಲ್ಲ."

ರಹಮಾನಸಾಬ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದ. ಪ್ಲೇಟು ಕೆಳಗಿಟ್ಟ.

"ಆ ಬೀಗರು ನಾವ" ಎಂದ.

ಇಲಿಯಾಸನ ಚಮಚ ಗಿರಮಿಟ್ಟಿನಲ್ಲಿ ಹಾಗೇ ನಿಂತಿತು. ಪಾಪ, ಅವನು ಕೈ ಮುಗಿಯಲು ಹೊರಟ. ರಹಮಾನಸಾಬ ಅವನ ಕೈ ತಡೆದು, ತನ್ನ ಫೋನ್ ತೆಗೆದು ಸೊಸೆಗೆ ಹಚ್ಚಿದ. "ಫರ್ಹಾನಾ, ನಿನ್ನ ಖೋಲಿಗೆ ಹೋಗವ್ವಾ. ಬಾಗ್ಲಾ ಹಾಕ್ಕೋ. ಇಲ್ಲೆ ಒಬ್ಬರು ಮಾತಾಡ್ತಾರ. ಅವರು ಹೇಳೂದನ್ನ ಬರಕೋಬ್ಯಾಡ, ನೆಪ್ಪಿನ್ಯಾಗ ಇಟ್ಕೋ" ಎಂದು ಫೋನನ್ನು ಇಲಿಯಾಸನ ಕೈಗೆ ಕೊಟ್ಟ. ಆಮೇಲೆ ನನ್ನ ರಟ್ಟೆ ಹಿಡಿದು ಆಚೆ ನಳದವರೆಗೆ ಎಳೆದುಕೊಂಡು ಹೋದ.

"ಎಲ್ಲಿಗೆ? ಪಾಸ್‌ವರ್ಡ್ ಕೇಳಸ್ಕೋಳೂದಿಲ್ಲೇನು?" ಎಂದೆ.

"ಆಕಿ ಕೀಲಿ. ನನಗ್ಯಾಕ?"

ಮುಸ್ತಾಕನ ಮನೆ ಹಿಂದಿನ ಓಣಿಯಲ್ಲೇ ಇತ್ತು. ರಹಮಾನಸಾಬ ಆ ಕಡೆ ತಿರುಗಿಯೂ ನೋಡಲಿಲ್ಲ. ತಿರುಗುವ ಬಸ್ಸಿನಲ್ಲಿ ಕೂತ ಮೇಲೆ ನನ್ನ ಸಿಟ್ಟು ಹೊರಬಿತ್ತು. "ನಿನಗ ಮೊದಲ ಗೊತ್ತಿತ್ತಲ್ಲೋ, ಅದು ಹಳೇ ಮಾಲು ಅಂತ!"

"ಡಬ್ಬಿ ಬಿಚ್ಚಿದ ದಿನಾನ ಸ್ಕ್ರೂ ಕಂಡಿತ್ತು. ಕಪಾಟಿನ ಮುಂದ ಬಾಯಿ ಬಿಟ್ಟು ಒಮ್ಮೆ ಬೀಗರ ಮಾರಿ ಕೆಡಿಸಿದ್ದೆ. ಎರಡನೇ ಸಲ ಬ್ಯಾಡ ಅಂತ ಸುಮ್ನಾದೆ."

"ಹಂಗಾದ್ರ ಸೊಸಿ ಮ್ಯಾಲೆ ಅನುಮಾನ ಯಾಕ ಪಟ್ಟಿ?"

"ಪಟ್ಟೆ. ಸುಳ್ಳ ಯಾಕ ಹೇಳ್ಲಿ? ಹಳೇದು ಅನ್ನೂದು ಗೊತ್ತಿತ್ತು, ಇಲಿಯಾಸ ಯಾರನ್ನೂದು ಗೊತ್ತಿರಲಿಲ್ಲ." ಅವನು ಕಿಟಕಿಯ ಕಡೆ ಮುಖ ಮಾಡಿದ. "ಚೀಲಾ ತುಂಬಿ ಬಾಗ್ಲಾಗ ಇಟ್ಟಳು. ತಂದಿ ಮಾನ ಮಾತ್ರ ಬಿಟ್ಟು ಕೊಡಲಿಲ್ಲ ನೋಡು."

ನಾನೂ ಆ ಹುಡುಗಿಯನ್ನು ಅನುಮಾನಿಸಿದವನೇ.

ನಾವು ಮುಟ್ಟಿದಾಗ ಸಂಜೆಯಾಗಿತ್ತು. ರಹಮಾನಸಾಬ ಚಪ್ಪಲಿ ಬಿಡುವ ಮೊದಲೇ, "ಇಲಿಯಾಸ ಯಾರನ್ನೂದು ಗೊತ್ತಾತು" ಎಂದ. ಆಸೀಮ ಎದ್ದು ಬಂದ. ಸುಗ್ರಾಬಿ ಒಲೆ ಬಿಟ್ಟು ಬಂದಳು. ಖೋಲಿಯ ಬಾಗಿಲಲ್ಲಿ ಫರ್ಹಾನಾ ಬಂದು ನಿಂತಳು. ಮಧ್ಯಾಹ್ನದ ಫೋನಿನಲ್ಲಿ ಮಾತಾಡಿದವನು ಯಾರು ಎಂದು ಆಕೆಗೆ ತಿಳಿದಿತ್ತು. ಮಾವನಿಗೆ ಎಲ್ಲ ಗೊತ್ತಾಗಿದೆ ಎಂಬುದೂ ತಿಳಿದಿತ್ತು. ಈಗ ಅವನು ಬಾಯಿ ಬಿಟ್ಟರೆ ಆಕೆ ಉಳಿಯುತ್ತಾಳೆ, ಆಕೆಯ ತಂದೆ ಈ ಮನೆಯ ಹೊಸ್ತಿಲು ಮತ್ತೆಂದೂ ತುಳಿಯಲಾರ. ಆಕೆ ಚೌಕಟ್ಟು ಹಿಡಿದುಕೊಂಡಿದ್ದಳು.

ರಹಮಾನಸಾಬ ಜೇಬಿನಿಂದ ಒಂದು ಹಿತ್ತಾಳೆ ಕೀಲಿ ತೆಗೆದು ಹೆಂಡತಿಯ ಕೈಯಲ್ಲಿಟ್ಟ. "ಇದರ ಮ್ಯಾಲೆ ಏನೈತಿ?"

"ಏನೋ ಹೆಸರು ಹೊಡದಾರ."

"ಮಾಡಿದವನ ಹೆಸರು. ಅಂವ ನಿನಗೇನ ಆಗಬೇಕು?"

"ನನಗೇನ ಆಗಬೇಕು? ಏನೂ ಇಲ್ಲ."

"ಇಲಿಯಾಸನೂ ಹಂಗ. ಕಂಪನ್ಯಾಗ ಕಂಪ್ಯೂಟರ್ ಜೋಡಿಸಿದಾಂವ. ಜೋಡಿಸಿದಾವ್ರು ತಮ್ಮ ಹೆಸರು ಹಾಕಿರ್ತಾರ, ತಗ್ಯಾಕ ಮರತಾರ. ನಾ ಹೋಗಿ ವಿಚಾರಿಸ್ಕೊಂಡು ಬಂದೀನಿ."

ಸುಗ್ರಾಬಿ ಅಷ್ಟಕ್ಕೆ ಬಗ್ಗುವವಳಲ್ಲ. ಕೀಲಿಯನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಕಡೆ ತಿರುಗಿದಳು. "ಖರೇ ಏನ್ರಿ, ಗವಿಸಿದ್ದಣ್ಣಾ? ನಿಮಗ ಕಂಪ್ಯೂಟರ್ ಗೊತ್ತೈತಿ."

"ಖರೇ ಐತ್ರಿ. ನಾನೂ ಜೋಡೀನ ಹೋಗಿದ್ದೆ" ಎಂದೆ. ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ಸಲೀಸಾಗಿ ನಾನು ಹಿಂದೆ ಹೇಳಿದ್ದಿಲ್ಲ.

ಆಸೀಮ ತಲೆ ಬಗ್ಗಿಸಿಕೊಂಡು ಬಾಗಿಲ ಪಕ್ಕದ ಚೀಲ ಎತ್ತಿ ಒಳಗೆ ಒಯ್ದ. ಕಪಾಟಿನಿಂದ ತಂತಿ ತಂದು ತಾನೇ ಕಂಪ್ಯೂಟರಿಗೆ ಹಚ್ಚಿದ. ಫರ್ಹಾನಾ ಕೂತು ಚೌಕ ಬಂದಾಗ ಪಾಸ್‌ವರ್ಡ್ ಹಾಕಿದಳು. ಅದು ಬಾಯಿ ಮುಚ್ಚಿಕೊಂಡು ಒಪ್ಪಿತು. ಸಾಫ್ಟ್‌ವೇರ್ ಒಳಗೆ ಇಳಿಯಿತು. ಇನ್ನು ಹಳೆಯ ಯಜಮಾನನನ್ನು ತೆಗೆದು ಹೊಸ ಯಜಮಾನನನ್ನು ಮಾಡಬೇಕು. ಆ ಮನೆಯಲ್ಲಿ ಕರೆಂಟಿನ ಮೀಟರಿನಿಂದ ಗ್ಯಾಸಿನವರೆಗೆ ಎಲ್ಲವೂ ರಹಮಾನಸಾಬನ ಹೆಸರಿನಲ್ಲಿವೆ.

"ಮಾವ, ನಿಮ್ಮ ಹೆಸರು ಹಾಕ್ಲೇನ್ರಿ?" ಎಂದು ಆಕೆ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಸಾಮಾನು ನಿನ್ನ ತಂದಿ ಕೊಟ್ಟದ್ದು" ಎಂದ ರಹಮಾನಸಾಬ. "ನಿನ್ನ ಹೆಸರ ಇರಲಿ."

ಮರುದಿನ ಶುಕ್ರವಾರ. ಬೆಳಿಗ್ಗೆ ಬೆಳ್ಳಟ್ಟಿಯವರ ಲಗ್ನಪತ್ರಿಕೆಯ ಮಜಕೂರು ಬರೆದ ಹಾಳೆ ಕೊಡಲು ನಾನು ಅವರ ಮನೆಗೆ ಹೋದೆ. ಆಸೀಮ ಗಾಡಿ ತೆಗೆದುಕೊಂಡು ಹೋಗಿದ್ದ, ಸುಗ್ರಾಬಿ ಸಂತೆಗೆ ಹೋಗಿದ್ದಳು. ಒಳಗೆ ಮೇಜಿನ ಹಿಂದೆ ರಹಮಾನಸಾಬ ಮೊಳಕಾಲೂರಿ ಕೂತು ಕಂಪ್ಯೂಟರಿನ ಬೆನ್ನಿಗೆ ಸ್ಕ್ರೂಡ್ರೈವರ್ ಹಚ್ಚಿದ್ದ. ಫರ್ಹಾನಾ ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತಿದ್ದಳು. ಹೊಲಿಗೆ ಮಶಿನ್ನಿನ ಆ ಸವೆದ ಸ್ಕ್ರೂ ಹೊರಗೆ ಬಂತು. ಅವನು ಅದನ್ನು ಜೇಬಿಗೆ ಹಾಕಿಕೊಂಡು, ಉಳಿದವುಗಳ ಜೊತೆ ಸರಿಹೊಂದುವ ಹೊಸದೊಂದನ್ನು ತುಟಿಯ ನಡುವಿನಿಂದ ತೆಗೆದ. ಇನ್ನು ಅವನಂಥ ಇನ್ನೊಬ್ಬ ಬಂದು ನೋಡಿದರೂ ಅದು ಹೊಸ ಕಂಪ್ಯೂಟರೇ.

ಗೋಡೆಯ ಮೇಲೆ ಬ್ಯಾಟರಿಯ ಬೆಳಕು ಕುಣಿಯುತ್ತಿತ್ತು.

"ಕೈ ಅಲ್ಲಾಡಸಬ್ಯಾಡವ್ವಾ" ಎಂದ ರಹಮಾನಸಾಬ, ತಲೆ ಎತ್ತದೆ. "ಸ್ಕ್ರೂ ಕಾಣವಲ್ದು."